ಶಹಾಪುರದ ಮಗ್ಗದ ಮನೆಯಲ್ಲಿ ಉಗುರುಗಪ್ಪೆಯ ಸಂತಾನ: ಒಂದು ಪ್ರಕರಣ

ಬೆಳಗಾವಿಯ ಶಹಾಪುರದಲ್ಲಿ ಪವರ್‌ಲೂಮ್ ಇಟ್ಟುಕೊಂಡಿರುವ ನನ್ನ ಹಳೆಯ ಸ್ನೇಹಿತರೊಬ್ಬರ ಮನೆಯ ಪ್ರಕರಣ ಇದು. ಮೂರು ಅಡಿ ಉದ್ದದ ಗಾಜಿನ ಟ್ಯಾಂಕ್‌ನಲ್ಲಿ ನಾಲ್ಕು ಆಫ್ರಿಕದ ಉಗುರುಗಪ್ಪೆಗಳನ್ನು ಅವರು ಎರಡು ವರ್ಷದಿಂದ ಸಾಕಿದ್ದರು. ಕಪ್ಪೆಗಳು ಗಟ್ಟಿಮುಟ್ಟಾಗಿದ್ದವು, ಹೊಟ್ಟೆ ತುಂಬ ತಿನ್ನುತ್ತಿದ್ದವು. ಆದರೆ ಮೊಟ್ಟೆ ಮಾತ್ರ ಒಂದೂ ಬಿದ್ದಿರಲಿಲ್ಲ. ಮನೆಯ ಮಗ ಬಿ.ಎಸ್‌ಸಿ. ಓದುತ್ತಾನೆ, ಮೊಟ್ಟೆಯಿಂದ ಮರಿಗಪ್ಪೆಯವರೆಗಿನ ಬೆಳವಣಿಗೆಯನ್ನು ಕಣ್ಣಾರೆ ನೋಡಿ ಬರೆದಿಡಬೇಕೆಂಬುದು ಅವನ ಆಸೆ. ಕಾಲೇಜಿನಲ್ಲಿ ಕಪ್ಪೆ ಕೊಯ್ಯುವುದು ನಿಂತುಹೋಗಿದೆ. ನಿಂತದ್ದು ಒಳ್ಳೆಯದೇ. ಜೀವಂತ ಪ್ರಾಣಿಯ ಬೆಳವಣಿಗೆಯನ್ನು ದಿನದಿನವೂ ನೋಡಿ ಕಲಿಯುವುದು ಅದಕ್ಕಿಂತ ದೊಡ್ಡ ಪಾಠವೆಂದು ನಾನು ನಂಬುತ್ತೇನೆ. ಆ ಕಾರಣಕ್ಕೇ ಈ ಕೆಲಸದಲ್ಲಿ ಮನಸ್ಸಿಟ್ಟು ಕೂತೆ.

ಸಂಕ್ರಾಂತಿಯ ಸುಮಾರಿಗೆ ಶುರುವಾದ ಕೆಲಸ ಮುಗಿದದ್ದು ನವರಾತ್ರಿಯ ಹೊತ್ತಿಗೆ. ಈ ಕಪ್ಪೆಯಿಂದ ಮೊಟ್ಟೆ ಪಡೆಯುವುದು ಕಷ್ಟವಲ್ಲ. ಹುಟ್ಟುವ ನೂರಾರು ಜೀವಗಳ ಲೆಕ್ಕವನ್ನು ಮೊಟ್ಟೆ ಬೀಳುವ ಮೊದಲೇ ಹಾಕಿಟ್ಟುಕೊಳ್ಳುವುದೇ ಕಷ್ಟ. ಟ್ಯಾಂಕ್‌ನಲ್ಲಿ ಏನೇನು ಸರಿಪಡಿಸಿದೆವು ಎಂಬುದರಷ್ಟೇ ವಿವರವಾಗಿ ಆ ಲೆಕ್ಕದ ಮಾತನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಈ ಕಪ್ಪೆ ಎಂಥದ್ದು

ಶಾಸ್ತ್ರೀಯ ಹೆಸರು ಕ್ಸೆನೋಪಸ್ ಲೇವಿಸ್. ದಕ್ಷಿಣ ಆಫ್ರಿಕದ ಕೆರೆ, ಹೊಂಡ, ನಿಧಾನ ಹರಿಯುವ ಹೊಳೆಗಳು ಇದರ ತವರು. ನಮ್ಮ ಗದ್ದೆಯ ಕಪ್ಪೆಯಂತೆ ದಡಕ್ಕೆ ಬಂದು ಕೂರುವ ಸ್ವಭಾವ ಇದಕ್ಕಿಲ್ಲ, ಬದುಕು ಹೆಚ್ಚೂಕಡಿಮೆ ಎಲ್ಲ ನೀರಿನೊಳಗೇ. ಉಸಿರಾಟ ಮಾತ್ರ ಶ್ವಾಸಕೋಶದಿಂದ, ಹಾಗಾಗಿ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯುತ್ತದೆ. ನಾಲಿಗೆ ಇಲ್ಲ. ಎರೆಹುಳು ಸಿಕ್ಕರೆ ಮುಂಗೈಯ ಸಣಕಲು ಬೆರಳುಗಳಿಂದ ಗಬಗಬ ಬಾಯಿಗೆ ತುರುಕಿಕೊಳ್ಳುತ್ತದೆ. ತುಂಡು ದೊಡ್ಡದಾದರೆ ಹಿಂಗಾಲಿನ ಒಳಬದಿಯ ಮೂರು ಬೆರಳುಗಳಲ್ಲಿರುವ ಉಗುರುಗಳಿಂದ ಹರಿದುಕೊಳ್ಳುತ್ತದೆ. ಮೈಯ ಎರಡೂ ಬದಿಯಲ್ಲಿ ದಾರದಿಂದ ಹೊಲಿಗೆ ಹಾಕಿದ ಹಾಗೆ ಪುಟ್ಟ ಗೆರೆಗಳ ಸಾಲಿದೆ. ನೀರಿನಲ್ಲಾಗುವ ಸಣ್ಣ ಅಲುಗಾಟವನ್ನೂ ಗ್ರಹಿಸುವ ಅಂಗ ಅದು. ಕೆಸರು ನೀರಿನಲ್ಲಿ ಕಣ್ಣಿಗಿಂತ ಈ ಗೆರೆಗಳೇ ಅದಕ್ಕೆ ದಾರಿ ತೋರುವುದು. ಈ ವಿಷಯ ಮುಂದೆ ಕೆಲಸಕ್ಕೆ ಬರುತ್ತದೆ.

ವಿಜ್ಞಾನದ ಚರಿತ್ರೆಯಲ್ಲಿ ಈ ಕಪ್ಪೆಗೆ ದೊಡ್ಡ ಜಾಗವಿದೆ. 1930ರ ಸುಮಾರಿಗೆ ಕೇಪ್‌ಟೌನ್‌ನಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಲ್ಯಾನ್ಸೆಲಾಟ್ ಹಾಗ್ಬೆನ್, ದನದ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿದರೆ ಹೆಣ್ಣು ಕಪ್ಪೆ ಮೊಟ್ಟೆ ಇಡುತ್ತದೆಂಬುದನ್ನು ಕಂಡುಕೊಂಡರು. ಅದರ ಬೆನ್ನಿಗೇ ಗರ್ಭಪರೀಕ್ಷೆಗೆ ಇದರ ಬಳಕೆ ಬಂತು: ಹೆಂಗಸಿನ ಮೂತ್ರವನ್ನು ಕಪ್ಪೆಯ ಚರ್ಮದಡಿ ಚುಚ್ಚುವುದು, ಗರ್ಭವಿದ್ದರೆ ಕಪ್ಪೆ ಕೆಲವೇ ಗಂಟೆಗಳಲ್ಲಿ ಮೊಟ್ಟೆ ಇಡುತ್ತದೆ. 1960ರ ದಶಕದವರೆಗೂ ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ ಇದೇ ಪರೀಕ್ಷೆ ನಡೆಯುತ್ತಿತ್ತು. ಬೆಳೆದ ಜೀವಕೋಶದ ಕೇಂದ್ರವನ್ನು ಮೊಟ್ಟೆಗೆ ಸೇರಿಸಿ ಜಾನ್ ಗರ್ಡನ್ ಹೊಸ ಕಪ್ಪೆ ಬೆಳೆಸಿದ್ದೂ ಇದೇ ಜಾತಿಯಲ್ಲಿ. ಅವರಿಗೆ ಶಿನ್ಯಾ ಯಮನಾಕಾ ಜೊತೆ 2012ರಲ್ಲಿ ನೊಬೆಲ್ ಬಂತು.

ಹುಡುಗ ಇದನ್ನೆಲ್ಲ ಓದಿಕೊಂಡಿದ್ದ. ಮೊದಲ ದಿನವೇ ಕೇಳಿದ: "ಕಾಕಾ, ಆ ಇಂಜೆಕ್ಷನ್ ಮೆಡಿಕಲ್‌ನ್ಯಾಗ ಸಿಗತೈತೇನ್ರಿ? ಒಂದ ಸಲಕ್ಕ ಮೊಟ್ಟಿ ಇಡತಾವಂತ." ಮನೆಯಲ್ಲಿ ಆ ಕೆಲಸ ಬೇಡವೇ ಬೇಡ ಎಂದೆ. ಹಾರ್ಮೋನ್ ಚುಚ್ಚುವುದು ಪ್ರಯೋಗಾಲಯದವರ ವಿದ್ಯೆ. ಪ್ರಮಾಣ ತಪ್ಪಿದರೆ, ಸೂಜಿ ತಪ್ಪಿದರೆ ನರಳುವುದು ಕಪ್ಪೆ. ಅಲ್ಲದೆ ಮೊಟ್ಟೆ ಬಲಿಯದ ಹೆಣ್ಣಿಗೆ ಚುಚ್ಚಿ ಉಪಯೋಗವೂ ಇಲ್ಲ. ಋತು ಸರಿಯಾಗಿ ಸಿಕ್ಕರೆ ಈ ಪ್ರಾಣಿ ತಾನಾಗಿಯೇ ಮೊಟ್ಟೆ ಇಡುತ್ತದೆ, ಬೆಳಗಾವಿಯಂಥ ಊರಿನಲ್ಲಂತೂ ಆ ಋತುವನ್ನು ಕೊಂಡು ತರಬೇಕಾಗಿಯೂ ಇಲ್ಲ.

ತಡೆ ಎಲ್ಲಿತ್ತು

ಅಂಗಡಿಯವರು "ಎರಡು ಜೋಡಿ" ಎಂದು ಕೊಟ್ಟಿದ್ದರು. ಮೂರು ಬಿಳಿಯವು, ಒಂದು ಬೂದುಗಂದು. ಬಿಳಿಯ ಮೂರೂ ಅಂಗೈ ತುಂಬುವಷ್ಟು ದಪ್ಪ, ಪೇರಲ ಹಣ್ಣಿನ ಆಕಾರ, ಹಿಂಭಾಗದಲ್ಲಿ ಕಾಲುಗಳ ಸಂದಿಯಲ್ಲಿ ಚರ್ಮದ ಪುಟ್ಟ ಪದರುಗಳು ಎದ್ದು ಕಾಣುತ್ತಿದ್ದವು. ಅದು ಹೆಣ್ಣಿನ ಗುರುತು. ಬೂದುಗಂದಿನದು ಅವುಗಳ ಮುಂದೆ ಚಿಕ್ಕದು, ಸಪೂರ, ಆ ಪದರು ಇಲ್ಲ. ಅಂದರೆ ಮೂರು ಹೆಣ್ಣು, ಒಂದು ಗಂಡು. ಸಂತಾನಕ್ಕೆ ಸಿದ್ಧವಾದ ಗಂಡಿನ ಬೆರಳು, ಮುಂಗೈಗಳ ಒಳಭಾಗ ಮಸಿ ಹಚ್ಚಿಕೊಂಡಂತೆ ಕಪ್ಪಾಗುತ್ತದೆ, ಮುಟ್ಟಿದರೆ ಒರಟು. ಜಾರುವ ಹೆಣ್ಣನ್ನು ಹಿಡಿದುಕೊಳ್ಳಲು ಅದು ಬೇಕು. ಈ ಗಂಡಿನ ಕೈ ಸಂಕ್ರಾಂತಿಯಲ್ಲಿ ನೋಡಿದಾಗ ನುಣುಪಾಗಿತ್ತು. ತಡೆ ಜೋಡಿಯಲ್ಲಿ ಇಲ್ಲ, ಇರುವ ಜಾಗದಲ್ಲಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಮೊದಲ ತಡೆ ಹೀಟರ್. ಬಣ್ಣದ ಮೀನಿಗೆ ಬೇಕಾಗುವ ಹಾಗೆ ಅದನ್ನು 28 ಡಿಗ್ರಿಗೆ ಇಟ್ಟಿದ್ದರು. ಪ್ರಯೋಗಾಲಯಗಳು ಈ ಕಪ್ಪೆಯನ್ನು 18ರಿಂದ 22 ಡಿಗ್ರಿಯ ನೀರಿನಲ್ಲಿ ಸಾಕುತ್ತವೆ. ಅದರ ತವರಾದ ಕೇಪ್ ಭಾಗದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅಲ್ಲಿ ಮಳೆ ಎಂದರೆ ತಣ್ಣನೆಯ ಹೊಸ ನೀರು, ತುಂಬಿದ ಹೊಂಡ, ಮರಿಗಳಿಗೆ ಹಸಿರು ಕೂಳು. ವರ್ಷವಿಡೀ ಒಂದೇ ಬಿಸಿಯಲ್ಲಿ ಇಟ್ಟ ಕಪ್ಪೆಗೆ ಋತು ಬಂದದ್ದು ಗೊತ್ತಾಗುವುದಾದರೂ ಹೇಗೆ? ಹೀಟರ್ ಅಂದೇ ತೆಗೆಸಿದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಊರು. ಚಳಿಗಾಲದಲ್ಲೂ ಮಳೆಗಾಲದಲ್ಲೂ ಇಲ್ಲಿನ ತಂಪು ಈ ಪ್ರಾಣಿಗೆ ಹೇಳಿ ಮಾಡಿಸಿದ್ದು.

ಎರಡನೆಯದು ಮಗ್ಗ. ಟ್ಯಾಂಕ್ ಇದ್ದದ್ದು ನಡುಮನೆಯಲ್ಲಿ, ಅದರ ಗೋಡೆಯಾಚೆಯೇ ಪವರ್‌ಲೂಮ್. ಶಹಾಪುರ, ಖಾಸಬಾಗ, ವಡಗಾವಿಯ ನೇಕಾರ ಓಣಿಗಳಲ್ಲಿ ಹುಟ್ಟಿ ಬೆಳೆದವರಿಗೆ ಆ ಖಟಖಟ ಸದ್ದು ಕಿವಿಗೆ ಬೀಳುವುದೂ ಇಲ್ಲ. ಆದರೆ ಟ್ಯಾಂಕ್‌ನ ಅಂಚಿಗೆ ಬೆರಳಿಟ್ಟರೆ ಗಾಜು ನಡುಗುವುದು ತಿಳಿಯುತ್ತಿತ್ತು, ನೀರಿನ ಮೇಲೆ ಸಣ್ಣ ಸುಕ್ಕುಗಳು ಏಳುತ್ತಿದ್ದವು. ಮೈತುಂಬ ಅಲುಗಾಟ ಗ್ರಹಿಸುವ ಅಂಗ ಹೊತ್ತ ಪ್ರಾಣಿ ಬೆಳಗಿನಿಂದ ಸಂಜೆಯವರೆಗೆ ಅದರೊಳಗೇ ಇತ್ತು. ಸ್ನೇಹಿತರು ಒಂದೇ ಮಾತಿಗೆ ಒಪ್ಪಿದರು. ಹಿತ್ತಲ ಕಡೆಯ ಕೋಣೆಯನ್ನು ಖಾಲಿ ಮಾಡಿಸಿ ಟ್ಯಾಂಕ್ ಅಲ್ಲಿಗೆ ಸಾಗಿಸಿದರು, ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಕಿಸಿದರು. ನೀರನ್ನು ರಭಸವಾಗಿ ಚಿಮ್ಮಿಸುತ್ತಿದ್ದ ಪವರ್ ಫಿಲ್ಟರ್ ತೆಗೆದು ಏರ್ ಪಂಪಿನ ಸ್ಪಾಂಜ್ ಫಿಲ್ಟರ್ ಕೂರಿಸಿದೆವು. ಈ ಕಪ್ಪೆಗಳು ಬಹಳ ಗಲೀಜು ಮಾಡುತ್ತವೆ, ಹಾಗಾಗಿ ವಾರಕ್ಕೆರಡು ಸಲ ಮೂರನೇ ಒಂದು ಭಾಗ ನೀರು ಬದಲಿಸುವ ಕೆಲಸ ಹುಡುಗನ ಪಾಲಿಗೆ ಬಂತು. ಊರಿಗೆ ರಾಕಸಕೊಪ್ಪ, ಹಿಡಕಲ್ ಜಲಾಶಯಗಳಿಂದ ಬರುವ ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಕಪ್ಪೆಯ ಚರ್ಮ ಏನನ್ನಾದರೂ ಹೀರಿಕೊಳ್ಳುವಂಥದ್ದು. ಸೋಪು, ಎಣ್ಣೆ ಹತ್ತಿದ ಕೈಯನ್ನು ಟ್ಯಾಂಕ್‌ಗೆ ಹಾಕಬಾರದು, ತೆಗೆದ ಮೇಲೆ ನಮ್ಮ ಕೈ ಚೆನ್ನಾಗಿ ತೊಳೆದುಕೊಳ್ಳಬೇಕು.

ಊಟದ್ದು ದೊಡ್ಡ ಮಾತಲ್ಲ. ಒಣ ಉಂಡೆಗಳ ಬದಲು ಎರೆಹುಳು ಮುಖ್ಯವಾಯಿತು. ಸ್ನೇಹಿತರ ಹೆಂಡತಿ, ನಮ್ಮ ವೈನಿಯವರದು ಮಾಂಸ ಮುಟ್ಟದ ಅಡುಗೆಮನೆ. ಹುಳುವಿನ ಡಬ್ಬಿಗೆ ಹಿತ್ತಲ ಕಟ್ಟೆಯ ಮೇಲೆ ಜಾಗ ಸಿಕ್ಕಿತು.

ಬೇಸಿಗೆ, ಆಮೇಲೆ ಮಳೆ

ಏಪ್ರಿಲ್, ಮೇ ತಿಂಗಳಲ್ಲಿ ಹೀಟರ್ ಇಲ್ಲದೆಯೂ ನೀರು 27, 28ಕ್ಕೆ ಏರಿತು. ಟ್ಯಾಂಕ್‌ನ ಮೂರು ಬದಿಗೆ ಒದ್ದೆ ಗೋಣಿಚೀಲ ಕಟ್ಟಿ, ನೀರಿನ ಮೇಲೆ ಗಾಳಿ ಆಡುವಂತೆ ಟೇಬಲ್ ಫ್ಯಾನ್ ಇಟ್ಟು ಅದಕ್ಕಿಂತ ಮೇಲೇರದಂತೆ ನೋಡಿಕೊಂಡರು. ಆ ದಿನಗಳಲ್ಲಿ ನೀರಿನ ಮಟ್ಟವನ್ನು ಬೇಕೆಂದೇ ತಗ್ಗಿಸಿದೆವು. ಬೇಸಿಗೆಯ ಹೊಂಡ ಬತ್ತುವುದನ್ನು ಕಪ್ಪೆಗೂ ತೋರಿಸಬೇಕಿತ್ತು. ಇದು ಹೊಸ ಉಪಾಯವೇನಲ್ಲ, ನೀರುಗಪ್ಪೆ ಸಾಕುವವರು ಹಿಂದಿನಿಂದ ಮಾಡಿಕೊಂಡು ಬಂದದ್ದೇ.

ಜೂನ್ ಕೊನೆಗೆ ಮಳೆ ಕಚ್ಚಿಕೊಂಡಿತು. ಕೋಣೆ ತಣ್ಣಗಾಯಿತು, ನೀರು ತಾನಾಗಿಯೇ 23ಕ್ಕೆ ಇಳಿಯಿತು. ಒಂದು ಸಂಜೆ ತಣ್ಣನೆಯ ಹೊಸ ನೀರನ್ನು ನಿಧಾನವಾಗಿ ತುಂಬಿಸುತ್ತ ಕಂಠಮಟ್ಟ ತಂದೆವು. ಥರ್ಮಾಮೀಟರ್ 21 ತೋರಿಸಿತು. ದೀಪ ಆರಿಸಿ ಕೋಣೆಯನ್ನು ಕತ್ತಲು ಮಾಡಿದರು. ಆ ಹೊತ್ತಿಗಾಗಲೇ ಗಂಡಿನ ಮುಂಗೈ ಮೊಣಕೈವರೆಗೂ ಕಪ್ಪಾಗಿತ್ತು.

ಗಂಡು ಕೂಗತೊಡಗಿದ್ದು ಆಷಾಢದ ಮೊದಲ ವಾರ. ಇದರ ಕೂಗು ವಟವಟ ಅಲ್ಲ. ಗಂಟಲಚೀಲ ಇಲ್ಲ, ಗಾಳಿಯನ್ನು ಹೊರಬಿಡುವುದೂ ಇಲ್ಲ. ಧ್ವನಿಪೆಟ್ಟಿಗೆಯೊಳಗೆ ಒಂದಕ್ಕೊಂದು ಅಂಟಿಕೊಂಡ ಎರಡು ಮೃದ್ವಸ್ಥಿಯ ಬಿಲ್ಲೆಗಳು ಥಟ್ಟನೆ ಬೇರಾದಾಗ ಒಂದು 'ಟಿಕ್' ಹುಟ್ಟುತ್ತದೆ. ಅಂಥವು ಸಾಲಾಗಿ, ಒಮ್ಮೆ ನಿಧಾನ ಒಮ್ಮೆ ಬಿರುಸು, ರಾತ್ರಿಯೆಲ್ಲ. ಗಾಜಿಗೆ ಕಿವಿ ಹಚ್ಚಿದರೆ ಸ್ಪಷ್ಟವಾಗಿ ಕೇಳುತ್ತದೆ. ಒಪ್ಪಿಗೆ ಇಲ್ಲದ ಹೆಣ್ಣೂ ಟಿಕ್‌ಟಿಕ್ ಎನ್ನುತ್ತದೆ, ಕಾಲು ನೀಟಾಗಿ ಚಾಚಿ ಗಂಡನ್ನು ದೂರ ಮಾಡುತ್ತದೆ. ಮೂರರಲ್ಲಿ ಒಂದು ಬಿಳಿ ಹೆಣ್ಣು ಮಾತ್ರ ಸುಮ್ಮನಿತ್ತು, ಗಂಡಿನ ಹತ್ತಿರವೇ ಸುಳಿಯುತ್ತಿತ್ತು. ಆ ಎರಡನ್ನೇ ಎತ್ತಿ ದೊಡ್ಡದೊಂದು ಪ್ಲಾಸ್ಟಿಕ್ ಟಬ್‌ಗೆ ಬಿಟ್ಟೆವು. ತಳದಿಂದ ಎರಡು ಬೆರಳು ಮೇಲೆ ಪ್ಲಾಸ್ಟಿಕ್ ಜಾಳಿಗೆ. ಬಿದ್ದ ಮೊಟ್ಟೆ ಅದರ ರಂಧ್ರಗಳಿಂದ ಕೆಳಗಿಳಿಯಬೇಕು, ಕಪ್ಪೆಯ ಕಾಲು ಸಿಕ್ಕಿಹಾಕಿಕೊಳ್ಳಬಾರದು, ಅಂಥ ಜಾಳಿಗೆ. ಈ ಏರ್ಪಾಡು ಬೇಕೇ ಬೇಕು, ಏಕೆಂದರೆ ಇವು ತಮ್ಮ ಮೊಟ್ಟೆಗಳನ್ನು ತಾವೇ ತಿನ್ನುತ್ತವೆ.

ಮೂರನೇ ರಾತ್ರಿ ಗಂಡು ಹೆಣ್ಣಿನ ಸೊಂಟವನ್ನು, ತೊಡೆಗಳ ಮುಂದೆ, ಬಿಗಿಯಾಗಿ ಅಪ್ಪಿಕೊಂಡಿತು. ನಮ್ಮ ಗದ್ದೆಯ ಕಪ್ಪೆಗಳು ಕಂಕುಳ ಬಳಿ ಹಿಡಿಯುತ್ತವೆ. ಇವುಗಳ ಹಿಡಿತ ಸೊಂಟಕ್ಕೆ. ನಸುಕಿನಲ್ಲಿ ಎದ್ದು ನೋಡಿದ ಹುಡುಗನಿಗೆ ಕಂಡದ್ದು ಟಬ್‌ನ ಗೋಡೆಗೆ, ಜಾಳಿಗೆಗೆ, ಕೆಳಗೆ ಹಾಸಿದ ನೈಲಾನ್ ದಾರದ ಗೊಂಚಲಿಗೆ ಒಂದೊಂದಾಗಿ ಅಂಟಿಕೊಂಡ ಮೊಟ್ಟೆಗಳು. ಸರದ ಹಾಗೆ ಉದ್ದಕ್ಕೆ ಇಡುವ ಜಾತಿ ಇದಲ್ಲ, ಮುದ್ದೆಯೂ ಅಲ್ಲ. ಒಂದೊಂದೂ ಬೇರೆ, ಒಂದು ಮಿಲಿಮೀಟರಿಗಿಂತ ಚೂರು ದಪ್ಪ, ಸುತ್ತ ಪಾರದರ್ಶಕ ಲೋಳೆ.

ಅವನಿಂದ ಫೋನ್ ಬಂತು. "ಕಾಕಾ, ಎಲ್ಲಾ ಕೆಟ್ಟಾವರಿ. ಒಂದೂ ಕಪ್ಪ ಇಲ್ಲ, ಎಲ್ಲಾ ಬೆಳ್ಳಗ ಅದಾವು."

ಅವನು ಓದಿದ್ದು ಸರಿಯೇ. ಈ ಕಪ್ಪೆಯ ಮೊಟ್ಟೆಯ ಒಂದರ್ಧ ಗಾಢ ಕಂದು, ಇನ್ನರ್ಧ ತಿಳಿ. ಫಲಿತವಾದ ಸ್ವಲ್ಪ ಹೊತ್ತಿಗೆ ಕಂದು ಭಾಗ ಮೇಲೆ ತಿರುಗುತ್ತದೆ. ಎಲ್ಲ ಮೊಟ್ಟೆಗಳೂ ಕಪ್ಪು ಮುಖ ಮೇಲೆ ಮಾಡಿದ್ದರೆ ಕೆಲಸ ಆಯಿತೆಂದು ಲೆಕ್ಕ. ಆದರೆ ಮೊಟ್ಟೆಯ ಬಣ್ಣ ತಾಯಿ ಕೊಡುವಂಥದ್ದು. ಮೈಯಲ್ಲಿ ಬಣ್ಣವೇ ತಯಾರಾಗದ ಬಿಳಿ ತಾಯಿ ಬಿಳಿ ಮೊಟ್ಟೆಯನ್ನೇ ಇಡುತ್ತಾಳೆ, ಗಂಡು ಯಾವ ಬಣ್ಣದ್ದಾದರೂ ಸರಿ. ಅಲ್ಲಿ ಕಪ್ಪು ಮುಖ ಹುಡುಕಿ ಪ್ರಯೋಜನವಿಲ್ಲ, ಸೀಳು ಹುಡುಕಬೇಕು. ಈ ತಂಪಿನಲ್ಲಿ ಫಲಿತವಾದ ಮೊಟ್ಟೆ ಸುಮಾರು ಒಂದೂವರೆ ಗಂಟೆಗೆ ಎರಡಾಗಿ ಸೀಳುತ್ತದೆ, ಮುಂದೆ ಅರ್ಧ ಅರ್ಧ ಗಂಟೆಗೆ ನಾಲ್ಕು, ಎಂಟು.

ಮನೆಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ. ಆದರೆ ನೇಕಾರರ ಮನೆಯಲ್ಲಿ ಬಟ್ಟೆಯ ಇಂಚಿಗೆ ಎಷ್ಟು ಎಳೆ ಎಂದು ಎಣಿಸುವ ಮಡಚುವ ಭೂತಗನ್ನಡಿ ಇದ್ದೇ ಇರುತ್ತದೆ. ಸ್ನೇಹಿತರು ಅದನ್ನು ತಂದರು. ಬಿಳಿ ಪಿಂಗಾಣಿ ತಟ್ಟೆಯ ಬದಲು ಕಪ್ಪು ಬಟ್ಟೆಯ ಮೇಲೆ ಗಾಜಿನ ಬಟ್ಟಲಿಟ್ಟು, ಟಾರ್ಚನ್ನು ಪಕ್ಕದಿಂದ ಹಿಡಿದು, ಆಗಷ್ಟೇ ಇಟ್ಟ ಕೆಲವು ಮೊಟ್ಟೆಗಳನ್ನು ನೋಡುತ್ತ ಕೂತರು. ನಾನು ತಲುಪುವಷ್ಟರಲ್ಲಿ ತಂದೆಯೇ ಕನ್ನಡಿ ಹಿಡಿದು ಕೂತಿದ್ದರು, ಮಗ ಪುಸ್ತಕದಲ್ಲಿ ಬರೆಯುತ್ತಿದ್ದ. ದುಂಡನೆಯ ಬಿಳುಪಿನ ನಡುವೆ ಕೂದಲೆಳೆಯಷ್ಟು ನೆರಳಿನ ಗೆರೆ ಮೂಡಿ, ಒಂದು ತುದಿಯಿಂದ ನಿಧಾನ ಆಳವಾಗುತ್ತ ಸುತ್ತಿಕೊಳ್ಳುತ್ತಿತ್ತು. "ಎರಡ ಆತು. ಇದೂ ಎರಡ ಆತು" ಎಂದು ಅವರು ಒಂದೊಂದನ್ನೂ ಕೂಗಿ ಹೇಳುತ್ತಿದ್ದರು. ವರ್ಷಗಟ್ಟಲೆ ದಾರ ಎಣಿಸಿದ ಕಣ್ಣು ಅವರದು, ನನಗಿಂತ ಮೊದಲು ಅವರಿಗೆ ಕಾಣುತ್ತಿತ್ತು. ಫಲಿತವಾಗದವು ಸೀಳಲಿಲ್ಲ, ಮಾರನೆಯ ದಿನಕ್ಕೆ ಕಲೆಕಲೆಯಾಗಿ ಊದಿದವು, ಆಮೇಲೆ ಬೂಷ್ಟು ಹಿಡಿಯಿತು. ಅವನ್ನು ಒಡನೆಯೇ ತೆಗೆದುಹಾಕದಿದ್ದರೆ ಪಕ್ಕದವೂ ಹಾಳಾಗುತ್ತವೆ.

ಎಷ್ಟು ಉಳಿಸಬೇಕು

ಐನೂರಕ್ಕೆ ಕಡಿಮೆ ಇಲ್ಲದಷ್ಟು ಮೊಟ್ಟೆ ಬಿದ್ದಿದ್ದವು. ನೂರೈವತ್ತು ಇಟ್ಟುಕೊಳ್ಳೋಣ, ಉಳಿದದ್ದನ್ನು ಇವತ್ತೇ ಮುಗಿಸೋಣ ಎಂದು ಸಂಕ್ರಾಂತಿಯಲ್ಲೇ ಮಾತಾಡಿಕೊಂಡಿದ್ದೆವು. ಹುಡುಗನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ ಹತ್ತು ಮರಿ ಕೇಳಿತ್ತು, ಟ್ಯಾಂಕ್ ಸಿದ್ಧವಿರುವ ಪರಿಚಯದವರ ಮೂರು ಮನೆಗಳಿದ್ದವು. ಅಷ್ಟಕ್ಕೆ ಬೇಕಾಗುವುದು ಇಪ್ಪತ್ತೈದೋ ಮೂವತ್ತೋ ಮರಿ. ದಾರಿಯಲ್ಲಿ ಆಗುವ ನಷ್ಟವನ್ನು ಸೇರಿಸಿದರೂ ನೂರೈವತ್ತು ಮೊಟ್ಟೆ ಸಾಕು. ಈ ಕಪ್ಪೆ ಹದಿನೈದು ವರ್ಷ, ಅದಕ್ಕೂ ಹೆಚ್ಚು ಬದುಕುತ್ತದೆ. ಕೈಗೆ ಬಂದದ್ದೆಲ್ಲವನ್ನೂ ಬೆಳೆಸಿದರೆ ಮೂರು ತಿಂಗಳಿಗೆ ಇಡಲು ಜಾಗವಿರುವುದಿಲ್ಲ, ಆಗ ಒಬ್ಬರಲ್ಲ ಒಬ್ಬರು ಕೆರೆಯ ದಾರಿ ಹಿಡಿಯುತ್ತಾರೆ. ಸೀಳು ಮೂಡುತ್ತಿರುವ ಮೊಟ್ಟೆಗೆ ನೋವು ತಿಳಿಯುವ ನರವಿನ್ನೂ ಹುಟ್ಟಿಲ್ಲ. ತೀರ್ಮಾನ ಮಾಡುವುದಿದ್ದರೆ ಆ ದಿನವೇ ಮಾಡಬೇಕು. ಮಿಕ್ಕ ಮೊಟ್ಟೆಗಳನ್ನು ಉಳಿದೆರಡು ಹೆಣ್ಣುಗಳ ಟ್ಯಾಂಕ್‌ಗೆ ಹಾಕುವುದೆಂದಾಯಿತು. ಹೊಂಡದಲ್ಲಾದರೂ ಆಗುವುದು ಅದೇ.

ಮನೆಯ ಹಿರಿಯರಾದ ಆಯಿಗೆ ಇದು ಸರಿಬರಲಿಲ್ಲ. ಕೋಣೆಯ ಹೊಸ್ತಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದರು.

"ಯಾಕ್ರೆಪಾ, ಹಿತ್ತಲದಾಗ ಬಾವಿ ಐತೆಲಾ. ಅದರಾಗ ಬಿಡ್ರಿ. ಬದಕೂವು ಬದಕತಾವು. ಪುಣ್ಯಾನೂ ಬರತೈತಿ."

ಈ ಮಾತನ್ನು ತಳ್ಳಿಹಾಕಿ ಮುಂದೆ ಹೋಗುವಂತಿರಲಿಲ್ಲ. ಬಾವಿಗೆ ಮೀನು ಬಿಟ್ಟು ನೀರು ಶುದ್ಧ ಇಟ್ಟುಕೊಂಡ ತಲೆಮಾರು ಅವರದು, ಜೀವ ಉಳಿಸಬೇಕೆಂಬುದು ಅವರ ಮನಸ್ಸು. ಪಕ್ಕದಲ್ಲಿ ಕೂತು ಹೇಳಿದೆ: "ಆಯಿ, ಇವು ಪರದೇಶದ್ದು. ಮಳಿಗಾಲದ ರಾತ್ರ್ಯಾಗ ನೆಲದ ಮ್ಯಾಲೂ ಹರಕೊಂಡ ಹೋಗತಾವು. ನಾಲಾ ಸೇರಿದ್ರ ಮುಗೀತು, ನಮ್ಮ ಗದ್ದಿ ಕಪ್ಪಿಗೋಳ ಮರೀನ ತಿಂತಾವು. ಇವಕ್ಕ ಏನೂ ಆಗದ ಬ್ಯಾನಿ ಅವಕ್ಕ ಹಚ್ಚತಾವು."

ಇದು ಹೆದರಿಸಲು ಹೇಳಿದ ಮಾತಲ್ಲ. ಪ್ರಯೋಗಾಲಯಗಳಿಂದ, ಸಾಕಿದವರ ಮನೆಗಳಿಂದ ಹೊರಬಿದ್ದ ಉಗುರುಗಪ್ಪೆಗಳು ಕ್ಯಾಲಿಫೋರ್ನಿಯಾ, ಚಿಲಿ, ಫ್ರಾನ್ಸ್, ಪೋರ್ಚುಗಲ್, ಸಿಸಿಲಿಯ ನೀರಿನಲ್ಲಿ ನೆಲೆಯೂರಿವೆ. ಮೀನಿನ ಮರಿ, ಕೀಟ, ಬೇರೆ ಕಪ್ಪೆಗಳ ಗೊದಮೊಟ್ಟೆ, ಸಿಕ್ಕದ್ದನ್ನೆಲ್ಲ ತಿನ್ನುತ್ತವೆ. ಲೋಕದ ಎಷ್ಟೋ ಕಪ್ಪೆ ಜಾತಿಗಳನ್ನು ಅಳಿಸಿದ ಕೈಟ್ರಿಡ್ ಎಂಬ ಚರ್ಮದ ಶಿಲೀಂಧ್ರವನ್ನು ಈ ಕಪ್ಪೆ ತಾನು ಕಾಯಿಲೆ ಬೀಳದೆ ಹೊತ್ತು ತಿರುಗಬಲ್ಲದು. ಶಹಾಪುರದ ಸುತ್ತಲಿನ ನೆಲ ಹೇಗಿದೆ ನೋಡಿ: ಬಳ್ಳಾರಿ ನಾಲಾ ಪ್ರತಿ ಮಳೆಗಾಲ ಉಕ್ಕಿ ಶಹಾಪುರ, ವಡಗಾವಿ, ಯಳ್ಳೂರ ಶಿವಾರದ ಭತ್ತದ ಗದ್ದೆಗಳಿಗೆ ನುಗ್ಗುತ್ತದೆ. ಊರ ದಕ್ಷಿಣ, ನೈಋತ್ಯಕ್ಕೆ ಜಾಂಬೋಟಿ, ಖಾನಾಪುರದ ಕಾಡು, ಪಶ್ಚಿಮ ಘಟ್ಟ. ಬೆಳಗಾವಿಯಿಂದ ಎರಡು ತಾಸಿನ ಹಾದಿಯ ಅಂಬೋಲಿಯಲ್ಲಿ ಇರುವ ಪುಟ್ಟ ನೆಲಗಪ್ಪೆಯೊಂದು, ಝಾಂಥೋಫ್ರೈನ್ ಟೈಗ್ರೀನಾ, 2009ರಲ್ಲಷ್ಟೇ ವಿಜ್ಞಾನದ ದಾಖಲೆಗೆ ಬಂತು. ಅದರ ನೆಲೆ ಬಹಳ ಚಿಕ್ಕದು, ಅಳಿವಿನ ಅಂಚಿನಲ್ಲಿದೆ. ಇಂಥ ಸಂಪತ್ತಿನ ಬಾಗಿಲಲ್ಲಿ ಕೂತು ಪರದೇಶಿ ಕಪ್ಪೆ ಸಾಕುವವರು ಒಂದು ಗೊದಮೊಟ್ಟೆಯೂ ಹೊರಹೋಗದಂತೆ ನೋಡಿಕೊಳ್ಳಬೇಕು. ಈ ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ.

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಿದ್ರ ಬ್ಯಾಡ. ಮಳಿ ಕರಿಯೂ ಕಪ್ಪಿ ನಮ್ಮವು. ಅವು ಇರಬೇಕು" ಎಂದರು. ಮಳೆ ತಡವಾದರೆ ಕಪ್ಪೆಗೆ ಮದುವೆ ಮಾಡುವ ನಾಡಿನ ಹಿರಿಯರಿಗೆ ಅದಕ್ಕಿಂತ ಹೆಚ್ಚು ವಿವರಿಸಬೇಕಾಗಲಿಲ್ಲ.

ಅಂದಿನಿಂದ ಮನೆಯಲ್ಲಿ ಎರಡು ಕಟ್ಟುನಿಟ್ಟು ಬಂದವು. ಟ್ಯಾಂಕ್ ಮುಚ್ಚಳದ ಮೇಲೆ ಸದಾ ಇಟ್ಟಿಗೆ. ತೆಗೆದ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ ಹಿತ್ತಲ ದಾಸವಾಳದ ಬುಡಕ್ಕೆ ಹಾಕುವುದು, ಗಟಾರಕ್ಕೆ ಒಂದು ತಂಬಿಗೆಯೂ ಇಲ್ಲ.

ಗೊದಮೊಟ್ಟೆಗಳು

ಮೂರನೇ ದಿನ ಮರಿಗಳು ಹೊರಬಂದು ಗಾಜಿಗೆ ತಲೆ ಅಂಟಿಸಿಕೊಂಡು ಜೋತುಬಿದ್ದವು. ಆ ಹೊತ್ತಿನಲ್ಲಿ ಊಟ ಬೇಡ, ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಭಾಗದ ಆಹಾರ ಇನ್ನೂ ಇದೆ. ಐದನೇ ದಿನದ ಹೊತ್ತಿಗೆ ಈಜತೊಡಗಿದವು. ತಾಯಿ ಬಿಳಿಯಾದರೂ ಮರಿಗಳ ಕಣ್ಣು ಕಪ್ಪಾಯಿತು, ತಲೆಯ ಮೇಲೆ ಕರಿ ಚುಕ್ಕೆಗಳು ಬಂದವು. ತಂದೆಯ ಬಣ್ಣ ಎಲ್ಲವಕ್ಕೂ ಇಳಿದಿತ್ತು. ಬಿಳಿ ಬಣ್ಣ ಎರಡೂ ಕಡೆಯಿಂದ ಬಂದರೆ ಮಾತ್ರ ಮೇಲೇಳುವ ಗುಣ. ಅನುವಂಶೀಯತೆಯ ಪಾಠಕ್ಕೆ ಹುಡುಗನಿಗೆ ಬೇರೆ ಚಿತ್ರ ಬೇಕಾಗಲಿಲ್ಲ.

ಅವನು ಪಠ್ಯದಲ್ಲಿರುವಂತೆ ಬೇಯಿಸಿದ ಪಾಲಕ್ ಎಲೆ ಹಾಕಿದ. ಎರಡು ದಿನ ಎಲೆಯ ಹತ್ತಿರ ಒಂದೂ ಸುಳಿಯಲಿಲ್ಲ, ಹೊಟ್ಟೆಗಳು ಖಾಲಿಯಾಗಿ ಗಾಜಿನಂತಾದವು. ನಮ್ಮ ಹೊಂಡದ ಗೊದಮೊಟ್ಟೆಗಳ ಬಾಯಲ್ಲಿ ಕೊಂಬಿನಂಥ ಗಟ್ಟಿ ಅಂಚು, ಸಣ್ಣ ಹಲ್ಲುಗಳ ಸಾಲು ಇರುತ್ತದೆ, ಎಲೆಯನ್ನು ಕೆರೆದು ತಿನ್ನುತ್ತವೆ. ಉಗುರುಗಪ್ಪೆಯ ಗೊದಮೊಟ್ಟೆಗೆ ಅದು ಇಲ್ಲವೇ ಇಲ್ಲ. ಬಾಯಿಯ ಎರಡು ಬದಿಗೆ ಉದ್ದ ಮೀಸೆ, ಮೈ ಆರಪಾರ ಕಾಣುವಷ್ಟು ತಿಳಿ. ನೀರಿನ ನಡುವೆ ತಲೆ ಕೆಳಗೆ ಮಾಡಿ ಓರೆಯಾಗಿ ನಿಂತು, ಬಾಲದ ತುದಿಯೊಂದನ್ನೇ ಸತತ ನಡುಗಿಸುತ್ತ, ನೀರನ್ನು ಬಾಯಿಗೆ ಎಳೆದುಕೊಂಡು ಅದರಲ್ಲಿ ತೇಲುವ ಪಾಚಿಯ ಕಣಗಳನ್ನು ಸೋಸಿ ನುಂಗುವ ಪ್ರಾಣಿ ಇದು. ಊಟ ನೀರಿನಲ್ಲಿ ಕರಗಿದಂತೆ ತೇಲಬೇಕು.

ಮೆಡಿಕಲ್ ಅಂಗಡಿಯಿಂದ ಸ್ಪಿರುಲಿನಾ ಪುಡಿ ತರಿಸಿದೆ. ಚಿಟಿಕೆಯಷ್ಟನ್ನು ಲೋಟ ನೀರಿನಲ್ಲಿ ಚೆನ್ನಾಗಿ ಕುಲುಕಿ, ತೆಳು ಬಟ್ಟೆಯಲ್ಲಿ ಸೋಸಿ, ಟಬ್‌ನ ನೀರು ಮಸುಕು ಹಸಿರಾಗುವಷ್ಟೇ ಹಾಕುವುದು. ಅರ್ಧ ದಿನದಲ್ಲಿ ನೀರು ತಿಳಿಯಾದರೆ ಅಳತೆ ಸರಿ. ಮಾರನೆಯ ಬೆಳಗಿಗೂ ಹಸಿರಾಗಿಯೇ ಇದ್ದರೆ ಹಾಕಿದ್ದು ಹೆಚ್ಚು, ನೀರು ಬದಲಿಸಬೇಕು. ಗೊದಮೊಟ್ಟೆ ಸಾಯುವುದು ಹಸಿವೆಗಿಂತ ಕೊಳೆತ ಊಟದಿಂದಲೇ ಜಾಸ್ತಿ. ಒಂದು ಲೀಟರ್ ನೀರಿಗೆ ಒಂದು ಮರಿ ಎಂಬ ಲೆಕ್ಕದಲ್ಲಿ ಮೂರು ಟಬ್‌ಗಳಿಗೆ ಹಂಚಿದೆವು. ಗಾಳಿಯ ಗುಳ್ಳೆ ಮೆಲ್ಲಗೆ, ಒಂದೊಂದಾಗಿ. ಜೋರಾದರೆ ತೂಗಿ ನಿಲ್ಲಲಾಗದೆ ದಣಿಯುತ್ತವೆ.

ಶ್ರಾವಣದಲ್ಲಿ ಒಂದು ಟಬ್ ಪೂರ್ತಿ ಹೋಯಿತು. ಸೊಳ್ಳೆ ಹೆಚ್ಚಿತ್ತೆಂದು ರಾತ್ರಿ ಆ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿದ್ದರು, ಬತ್ತಿಯ ಪಕ್ಕದ ಟಬ್‌ನ ಮರಿಗಳು ಬೆಳಗ್ಗೆ ತಳದಲ್ಲಿದ್ದವು. ಬತ್ತಿ, ದ್ರವ, ಎರಡರಲ್ಲೂ ಇರುವ ಪೈರಿಥ್ರಾಯ್ಡ್ ಜಾತಿಯ ಔಷಧಿ ಮನುಷ್ಯರಿಗೆ ಅಷ್ಟೇನೂ ಮಾಡದಿದ್ದರೂ ನೀರಿನ ಜೀವಗಳಿಗೆ ಕಡು ವಿಷ. ವೈನಿ ಬಹಳ ನೊಂದುಕೊಂಡರು. ಆಮೇಲೆ ಉಳಿದ ಟಬ್‌ಗಳಿಗೆ ಮಗ್ಗದ ತೆಳು ಹತ್ತಿ ಬಟ್ಟೆಯನ್ನು ಬಿಗಿಯಾಗಿ ಕಟ್ಟಿದವರೂ ಅವರೇ. ಸೊಳ್ಳೆ ಮೊಟ್ಟೆ ಇಡುವುದೂ ನಿಂತಿತು.

ತಿಂಗಳಾಗುವಷ್ಟರಲ್ಲಿ ಹಿಂಗಾಲು, ಏಳನೇ ವಾರದಿಂದ ಮುಂಗಾಲು. ಈ ರೂಪಾಂತರವನ್ನು ನಡೆಸುವುದು ಥೈರಾಯ್ಡ್ ಹಾರ್ಮೋನು. 1912ರಲ್ಲಿ ಗುಡರ್‌ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯನ್ನೇ ತಿನ್ನಿಸಿ, ಅವು ಹೊತ್ತಿಗೆ ಮೊದಲೇ ಪುಟಾಣಿ ಕಪ್ಪೆಗಳಾದದ್ದನ್ನು ತೋರಿಸಿದರು. ಮುಂಗಾಲು ಹೊರಬಂದ ಮೇಲೆ ಬಾಲ ಕರಗುವವರೆಗೆ ಊಟ ಹಾಕಬಾರದು. ಸೋಸುವ ಬಾಯಿ ಹೋಗಿ ಕಚ್ಚುವ ಬಾಯಿ ಬರುತ್ತಿರುತ್ತದೆ, ಉದ್ದದ ಕರುಳು ಗಿಡ್ಡವಾಗುತ್ತಿರುತ್ತದೆ, ತಿನ್ನಲು ಆಗುವುದಿಲ್ಲ. ಹುಡುಗನಿಗೆ ಆ ದಿನಗಳಲ್ಲಿ ಕೈ ಕಟ್ಟಿ ಕೂರುವುದೇ ಕಷ್ಟವಾಯಿತು. ಬಾಲ ಮಾಯವಾದ ಮೇಲೆ ಚೂರು ಮಾಡಿದ ಎರೆಹುಳು, ನೀರುಚಿಗಟ. ದೊಡ್ಡವನ್ನೂ ಸಣ್ಣವನ್ನೂ ಬೇರೆ ಇಡಬೇಕು, ಇಲ್ಲದಿದ್ದರೆ ಬೆರಳು, ಕಾಲು ಕಚ್ಚಿಕೊಳ್ಳುತ್ತವೆ.

ಕೊನೆಗೆ ಉಳಿದದ್ದು

ನವರಾತ್ರಿಗೆ ಇಪ್ಪತ್ತಾರು ಮರಿಗಪ್ಪೆಗಳು ನಿಂತವು, ಎಲ್ಲವೂ ತಂದೆಯಂತೆ ಬೂದುಗಂದು. ಹತ್ತು ಕಾಲೇಜಿಗೆ, ಹನ್ನೆರಡು ಮೊದಲೇ ಒಪ್ಪಿದ್ದ ಮೂರು ಮನೆಗಳಿಗೆ, ನಾಲ್ಕು ಶಹಾಪುರದಲ್ಲೇ. ಗಂಡನ್ನು ಈಗ ಬೇರೆ ಟ್ಯಾಂಕ್‌ನಲ್ಲಿ ಇಟ್ಟಿದ್ದಾರೆ. ಮುಂದಿನ ಮಳೆಗೆ ಮತ್ತೆ ಜೋಡಿ ಮಾಡುವ ಯೋಚನೆ ಇಲ್ಲ, ಜಾಗ ಕೊಡುವ ಹೊಸ ಮನೆಗಳು ಸಿಕ್ಕರೆ ಆಗ ನೋಡುವುದು.

ವಿಜಯಪುರದಲ್ಲಿರುವ ಹುಡುಗನ ಸೋದರಮಾವ ಒಂದು ಜೋಡಿ ಕೇಳಿದ್ದರು. ಕೊಡಬೇಡಿ ಎಂದೆ. ವಿಜಯಪುರ, ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗೋಣಿಚೀಲ, ಫ್ಯಾನ್‌ಗೆ ಬಗ್ಗುವ ಬಿಸಿಲಲ್ಲ ಅದು. ನೀರು ತಣಿಸುವ ಚಿಲ್ಲರ್ ಯಂತ್ರ ಕೊಳ್ಳದೆ ಅಲ್ಲಿ ಈ ಕಪ್ಪೆಯನ್ನು ಇಡುವುದು ಅದಕ್ಕೆ ಹಿಂಸೆ. ನೀರುಗಪ್ಪೆಯೇ ಬೇಕೆಂದರೆ ಇದರ ಕುಟುಂಬದ್ದೇ ಆದ, ಒಂದೂವರೆ ಇಂಚಿನ ಹೈಮೆನೋಕೈರಸ್ ಎಂಬ ಕುಳ್ಳಗಪ್ಪೆ ಇದೆ, ಅದಕ್ಕೆ 24ರಿಂದ 27 ಡಿಗ್ರಿಯ ನೀರು ಹಿಡಿಸುತ್ತದೆ. ಮನೆಯ ಅತಿ ತಂಪಾದ ಕೋಣೆಯಲ್ಲಿ ಒಂದು ಬಕೆಟ್ ನೀರಿಟ್ಟು ಮೇ ತಿಂಗಳು ಪೂರ್ತಿ ಅದರ ಉಷ್ಣತೆ ಬರೆದಿಡಲು ಅವರಿಗೆ ಹೇಳಿದ್ದೇನೆ. ಆ ಅಂಕಿಗಳು ಬಂದ ಮೇಲೆ ಯಾವ ಕಪ್ಪೆ, ಎಷ್ಟು ಎಂಬುದನ್ನು ಮಾತಾಡುತ್ತೇವೆ.